ಏರಿನಲ್ಲಿ ನಡೆದರೆ ಓಟ ಕೆಡುವುದಿಲ್ಲ

ಡಾಂಬರು ರಸ್ತೆ ಬಿಟ್ಟು ಕಾಲುದಾರಿ, ಬೇಣ (ಹುಲ್ಲುಗಾವಲು), ಬೆಟ್ಟ, ಕಡಲದಂಡೆಗಳಲ್ಲಿ ಓಡುವುದಕ್ಕೆ ಟ್ರೇಲ್ ರನ್ನಿಂಗ್ ಎನ್ನುತ್ತಾರೆ. ಈ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದಕ್ಕೆ ಉತ್ತರ ಕನ್ನಡದಿಂದಲೇ ಹೆಚ್ಚು ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಒಟ್ಟು ಮಾಡಿ ಏಳಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಪೇಟೆ ರಸ್ತೆಯಲ್ಲಿ 5 ಕಿ.ಮೀ. ದೂರವನ್ನು 30 ನಿಮಿಷದಲ್ಲಿ ಓಡುತ್ತೇನೆ. ಊರಿಗೆ ಹೋದಾಗ ಮನೆ ಹಿಂದಿನ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ದಾರಿ ಹಿಡಿದೆ. ಎರಡೂವರೆ ಕಿ.ಮೀ.ಗೇ 28 ನಿಮಿಷ ಹಿಡಿಯಿತು, ಮೂರು ಕಡೆ ನಿಂತು ಏದುಸಿರು ಬಿಟ್ಟೆ. ವಾಚು ತೋರಿಸಿದ ಏರು 150 ಮೀಟರ್. ನನ್ನ ದಮ್ಮು ಇಷ್ಟೇನಾ?
— ಬ್ಯಾಂಕ್ ನೌಕರ, 34 ವರ್ಷ, ಶಿರಸಿ

ಉತ್ತರ: ದಮ್ಮಿನ ತೊಂದರೆಯಲ್ಲ, ಅಳತೆಗೋಲಿನದು. ಬೆಟ್ಟ ನಡೆಯುವವರಿಗಾಗಿ ಸ್ಕಾಟ್ಲೆಂಡಿನ ನೇಯ್ಸ್‌ಮಿತ್ ಎಂಬಾತ 1892ರಲ್ಲಿ ಒಂದು ಲೆಕ್ಕ ಕೊಟ್ಟ. ಸುಮಾರಾಗಿ ಹೇಳಿದರೆ 5 ಕಿ.ಮೀ.ಗೆ ಒಂದು ತಾಸು, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ನಿಮ್ಮ ದಾರಿಗೆ ಹಚ್ಚಿ ನೋಡಿ: ದೂರಕ್ಕೆ 30 ನಿಮಿಷ, ಏರಿಗೆ 15, ಒಟ್ಟು 45. ಒಳ್ಳೆ ನಡಿಗೆಯವನು 45 ನಿಮಿಷ ತೆಗೆದುಕೊಳ್ಳುವ ದಾರಿಯನ್ನು ನೀವು ಮೂರು ಸಲ ನಿಂತೂ 28ರಲ್ಲಿ ಮುಗಿಸಿದ್ದೀರಿ. ತಪ್ಪಾದದ್ದು ಆ ನಿಲ್ಲುವುದರಲ್ಲೇ. ರಸ್ತೆಯ ವೇಗದಲ್ಲಿ ಏರು ಹತ್ತಿ, ಸುಸ್ತಾಗಿ ನಿಂತು, ಮತ್ತೆ ಓಡಿದಿರಿ. ನಿಲ್ಲುವ ಬದಲು ಕಡಿದಾದ ಕಡೆ ಮಾತ್ರ ಮೊದಲಿನಿಂದಲೇ ನಡೆದಿದ್ದರೆ ಹೊತ್ತು ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು, ಏದುಸಿರು ಬರುತ್ತಿರಲಿಲ್ಲ.

ಇನ್ನು ಮುಂದೆ ಕಿಲೋಮೀಟರು ನೋಡಬೇಡಿ, ಗಡಿಯಾರ ನೋಡಿ. ‘ಇವತ್ತು 40 ನಿಮಿಷ’ ಎಂದು ಹೊರಟರೆ 20 ನಿಮಿಷಕ್ಕೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ವೇಗಕ್ಕೆ ಅಳತೆ ಮಾತು. ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಬರಬೇಕು. ಎರಡು ಶಬ್ದಕ್ಕೇ ಉಸಿರು ಕಡಿದರೆ ಅಲ್ಲೇ ನಡಿಗೆಗೆ ಇಳಿಯಿರಿ. ನೂರು ಮೀಟರ್ ದೂರಕ್ಕೆ 15 ಮೀಟರಿಗಿಂತ ಹೆಚ್ಚು ಏರುವ ಕಡೆ ಹೊಸಬರು ಓಡಿ ಗಳಿಸುವುದೇನೂ ಇಲ್ಲ. ಅಂಥಲ್ಲಿ ಹೆಜ್ಜೆ ಗಿಡ್ಡ ಮಾಡಿ, ಅಂಗೈಯನ್ನು ಮಂಡಿಯ ಮೇಲ್ಗಡೆ ತೊಡೆಗೆ ಒತ್ತಿ, ಹೆಜ್ಜೆಗೊಮ್ಮೆ ತಳ್ಳುತ್ತ ಹತ್ತಿ. ಮೈ ಮುಂದಕ್ಕೆ ಬಾಗಲಿ, ಸೊಂಟ ಮಡಚಿ ಮುದುಡಬಾರದು. ಮುದುಡಿದರೆ ಉಸಿರಿಗೆ ಜಾಗ ಉಳಿಯುವುದಿಲ್ಲ.

ಎಂಟು ವಾರದ ಲೆಕ್ಕ ಹೀಗಿರಲಿ. ಮಂಗಳವಾರ, ಗುರುವಾರ ರಸ್ತೆಯಲ್ಲೋ ಮೈದಾನದಲ್ಲೋ 30 ನಿಮಿಷ ಹಗುರ ಓಟ. ಭಾನುವಾರ ಬೆಟ್ಟದ ದಾರಿ: ಮೊದಲೆರಡು ವಾರ 40 ನಿಮಿಷ, ಮೂರನೆಯದು 50, ನಾಲ್ಕರಲ್ಲಿ ಮತ್ತೆ 40ಕ್ಕೆ ಇಳಿಕೆ. ಬಳಿಕ 55, 65, 75, ಎಂಟನೆಯದು 60. ಮೊದಲ ನಾಲ್ಕು ವಾರ ಸಮತಟ್ಟಿನಲ್ಲಿ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಏರೆಲ್ಲ ನಡಿಗೆ. ನಾಲ್ಕನೇ ವಾರದ ಇಳಿಕೆಯನ್ನು ಹಾರಿಸುವವರೇ ಐದನೇ ವಾರ ಮೀನಖಂಡ ಹಿಡಿದುಕೊಂಡು ಕೂರುವುದು. ಉಸಿರು ಮೂರು ವಾರಕ್ಕೆ ಪಳಗುತ್ತದೆ, ನರಕಟ್ಟು ಮೂಳೆಗಳಿಗೆ ತಿಂಗಳುಗಟ್ಟಲೆ ಬೇಕು. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು, ನಡೆದರೆ ಎದೆ ಹಿಡಿಯುವವರು ಮೊದಲು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ರಸ್ತೆಯ ಶೂ ಇದೆ. ಅದರಲ್ಲೇ ಸುರು ಮಾಡಬಹುದೇ, ಬೇರೆ ತರಲೇಬೇಕೇ? ಮಳೆಗಾಲದಲ್ಲಿ ಚಿರೆಕಲ್ಲಿನ (ಜಂಬಿಟ್ಟಿಗೆ) ಮೇಲೆ ಎರಡು ಸಲ ಜಾರಿ ಬಿದ್ದಿದ್ದೇನೆ.
— ಶಿಕ್ಷಕಿ, ಕುಮಟಾ

ಉತ್ತರ: ನವೆಂಬರಿನಿಂದ ಮೇವರೆಗೆ ಒಣ ದಾರಿಗೆ ಇರುವ ಶೂ ಸಾಕು. ಎರಡು ತಿಂಗಳು ಅದರಲ್ಲೇ ಓಡಿ, ಈ ಓಟ ನಿಮಗೆ ಹಿಡಿಸಿತೆಂದು ಖಾತ್ರಿಯಾದ ಮೇಲೆ ಖರ್ಚು ಮಾಡಿ. ಮಳೆಗಾಲಕ್ಕೆ ಮಾತ್ರ ಟ್ರೇಲ್ ಶೂ ಬೇಕೇ ಬೇಕು. ಅಂಗಡಿಯಲ್ಲಿ ಮೊದಲು ಅಡಿ ಮೇಲೆ ಮಾಡಿ ನೋಡಿ. ಅದರ ರಬ್ಬರ್ ಗುಬ್ಬಿಗಳು ಒಣ ಗಟ್ಟಿ ನೆಲಕ್ಕಾದರೆ 3–4 ಮಿ.ಮೀ. ಎತ್ತರ, ರಾಡಿಗಾದರೆ 5–6 ಮಿ.ಮೀ. ಗುಬ್ಬಿಗಳ ನಡುವೆ ಕಿರುಬೆರಳ ತುದಿ ಹೋಗುವಷ್ಟು ಸಂದಿಯೂ ಇರಬೇಕು. ಒತ್ತಾಗಿದ್ದರೆ ಕೆಂಪು ಮಣ್ಣು ಸಂದಿಯಲ್ಲಿ ತುಂಬಿ, ಹತ್ತು ನಿಮಿಷದಲ್ಲಿ ಅಡಿ ನುಣ್ಣಗಾಗುತ್ತದೆ. ‘ವಾಟರ್‌ಪ್ರೂಫ್’ ಎಂದು ಹೆಚ್ಚು ದುಡ್ಡಿಗೆ ಮಾರುವುದನ್ನು ನಮ್ಮ ಮಳೆಗೆ ಕೊಳ್ಳಬೇಡಿ. ಹಳ್ಳ ದಾಟುವಾಗ ನೀರು ಮೇಲಿನಿಂದ ಒಳಗೆ ಹೋಗೇ ಹೋಗುತ್ತದೆ, ಆಮೇಲೆ ಹೊರಗೆ ಬರುವುದಿಲ್ಲ. ತೆಳು ಜಾಲರಿಯದು ನೆನೆದರೂ ಓಡುತ್ತೋಡುತ್ತ ಬಸಿಯುತ್ತದೆ.

ಅಳತೆ ಸಂಜೆ ನೋಡಿ, ಪಾದ ಆಗ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು.

ಲೇಸು ಕಟ್ಟುವ ಒಂದು ಬಗೆ ಕಲಿಯಿರಿ. ಶೂ ಮೇಲ್ತುದಿಯಲ್ಲಿ, ಕೊನೆಯ ತೂತಿನ ಪಕ್ಕ ಹಿಂದಕ್ಕೆ, ಬಹುತೇಕರು ಬಳಸದೇ ಬಿಡುವ ಇನ್ನೊಂದು ತೂತಿರುತ್ತದೆ. ಲೇಸನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ, ಪೂರ್ತಿ ಎಳೆಯದೆ, ಪುಟ್ಟ ಕುಣಿಕೆ ಉಳಿಸಿ. ಇನ್ನೊಂದು ಬದಿಗೂ ಹಾಗೆಯೇ. ಈಗ ಎಡದ ತುದಿಯನ್ನು ಬಲ ಕುಣಿಕೆಯಲ್ಲಿ, ಬಲದ್ದನ್ನು ಎಡ ಕುಣಿಕೆಯಲ್ಲಿ ತೂರಿಸಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿಟ್ಟು ಹಿಂದಕ್ಕೂ ಕೆಳಕ್ಕೂ ಎಳೆಯಿರಿ. ಹಿಮ್ಮಡಿ ಕಚ್ಚಿ ಕೂರುತ್ತದೆ, ಇಳಿಯುವಾಗ ಪಾದ ಮುಂದೆ ಜಾರುವುದಿಲ್ಲ. ಆಮೇಲೆ ಮಾಮೂಲಿ ಗಂಟು.

ಆದರೆ ಒಂದು ಮಾತು. ಹಾವಸೆ ಹಿಡಿದ ಚಿರೆಕಲ್ಲಿಗೆ ಯಾವ ಶೂವೂ ಮದ್ದಲ್ಲ. ಮಣ್ಣಿಗೆ ಕಚ್ಚುವ ಗುಬ್ಬಿ ಒದ್ದೆ ಕಲ್ಲಿನ ಮೇಲೆ ತುದಿಯಷ್ಟೇ ತಾಗಿ ನಿಲ್ಲುತ್ತದೆ, ಹಿಡಿತ ಇನ್ನೂ ಕಡಿಮೆ. ಅಡಕೆ ಮರದ ಕಾಲುಸಂಕವೂ ಅಷ್ಟೇ. ಅಲ್ಲಿ ಓಡಬೇಡಿ. ಪಾದ ತುಸು ಹೊರಕ್ಕೆ ತಿರುಗಿಸಿ, ಹಿಡಿಕೆ ಹಿಡಿದು, ನಡೆದು ದಾಟಿ. ಹಳ್ಳದಲ್ಲಿ ಹರಿವು ಜೋರಾಗಿದ್ದು ನೀರು ಮಂಡಿ ಮುಟ್ಟಿದರೆ ದಾಟುವುದೇ ಬೇಡ, ಬಂದ ದಾರಿಯಲ್ಲೇ ಹಿಂದಿರುಗಿ. ಮನೆಗೆ ಬಂದ ಮೇಲೆ ಶೂ ಒಳಗಿನ ಅಟ್ಟೆ ತೆಗೆದು, ಹಳೆ ಪೇಪರ್ ಉಂಡೆ ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ. ಬಚ್ಚಲ ಒಲೆಯ ಮುಂದೆ ಒಣಗಿಸಿದರೆ ಅಂಟು ಬಿಟ್ಟು ಅಡಿ ಕಿತ್ತು ಬರುತ್ತದೆ.

ಪ್ರಶ್ನೆ: ಮಂಗನ ಕಾಯಿಲೆ ಬರುತ್ತದೆ, ಬೆಟ್ಟಕ್ಕೆ ಹೋಗಬೇಡ ಎಂದು ಅಮ್ಮ ತಡೆಯುತ್ತಾರೆ. ಮಳೆಗಾಲದಲ್ಲಿ ಹೋಗೋಣವೆಂದರೆ ಉಂಬಳ (ಜಿಗಣೆ). ವರ್ಷದಲ್ಲಿ ಓಡುವ ಕಾಲ ಯಾವುದು ಹಾಗಾದರೆ?
— ಕಾಲೇಜು ವಿದ್ಯಾರ್ಥಿ, ಸಿದ್ದಾಪುರ

ಉತ್ತರ: ನಿಮ್ಮ ಅಮ್ಮ ಹೇಳುವುದು ಸುಮ್ಮನೆ ಅಲ್ಲ. ಈ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಸಿದ್ದಾಪುರದ ಹಳ್ಳಿಗಳಲ್ಲೂ ಕಾಣಿಸಿಕೊಂಡಿದೆ. ಹರಡುವುದು ಉಣುಗಿನಿಂದ (ಉಣ್ಣೆ), ಮನುಷ್ಯರಿಂದ ಮನುಷ್ಯರಿಗಲ್ಲ. ಕಚ್ಚುವುದು ಹೆಚ್ಚಾಗಿ ಮರಿ ಉಣುಗು, ಎಳ್ಳಿನಷ್ಟೂ ಇರುವುದಿಲ್ಲ, ಕಣ್ಣಿಗೆ ಬೀಳುವುದೇ ಕಷ್ಟ. ಅವು ಹೆಚ್ಚುವುದು ಮಳೆ ನಿಂತ ಮೇಲೆ, ಸುಮಾರು ನವೆಂಬರಿನಿಂದ ಮೇವರೆಗೆ. ಅಂದರೆ ಓಡಲು ದಾರಿ ಅತಿ ಚೆನ್ನಾಗಿರುವ ತಿಂಗಳುಗಳಲ್ಲೇ.

ಹಾಗಾಗಿ ನಿಯಮ ಹೀಗೆ. ಊರಲ್ಲಿ ಅಥವಾ ಅಕ್ಕಪಕ್ಕದಲ್ಲಿ ಮಂಗ ಸತ್ತ ಸುದ್ದಿ, ಜ್ವರದ ಸುದ್ದಿ ಇದ್ದರೆ ಆ ಹಂಗಾಮಿಗೆ ಕಾಡಿನ ಓಟ ಬಂದ್, ರಸ್ತೆಯಲ್ಲೇ ಓಡಿ. ಇದರಲ್ಲಿ ಚೌಕಾಸಿ ಇಲ್ಲ. ಸುದ್ದಿ ಇಲ್ಲದಾಗಲೂ ತರಗೆಲೆ ರಾಶಿಯ ಮೇಲೆ ಕೂರಬೇಡಿ, ಪೊದೆ ನುಗ್ಗುವ ದಾರಿ ಬಿಟ್ಟು ಅಗಲದ ದಾರಿ ಹಿಡಿಯಿರಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ದೇಪಾ ತೈಲವನ್ನು ಹೊರಡುವ ಮೊದಲು ಕೈಕಾಲಿಗೆ ಹಚ್ಚಿ. ಬೆವರಿಗೆ ತೊಳೆದುಹೋಗುತ್ತದೆ, ಆದ್ದರಿಂದ ಎರಡು ತಾಸಿನ ಓಟವಾದರೆ ನಡುವೆ ಮತ್ತೊಮ್ಮೆ. ತೆಳು ಬಣ್ಣದ ಉದ್ದ ಕಾಲುಚೀಲ ಹಾಕಿದರೆ ಹರಿದಾಡುವ ಉಣುಗು ಕಾಣುತ್ತದೆ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಸೋಪು ಹಚ್ಚಿ ಬಿಸಿನೀರ ಸ್ನಾನಕ್ಕೆ. ಮಂಡಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ, ತೊಡೆಸಂದಿ, ಕಿವಿಯ ಹಿಂದೆ ಬೆರಳಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ, ಉಗುರಲ್ಲಿ ಹೊಸಕುವುದೂ ಬೇಡ. ಮುಂದಿನ ಎಂಟು-ಹತ್ತು ದಿನದಲ್ಲಿ ಏಕಾಏಕಿ ಜೋರು ಜ್ವರ, ತಲೆಸಿಡಿತ, ಮೈಕೈ ಮುರಿಯುವ ನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ‘ಕಾಡಿಗೆ ಹೋಗಿದ್ದೆ’ ಎಂಬುದನ್ನು ಮೊದಲು ಹೇಳಿ.

ಉಂಬಳದಿಂದ ಅಂಥ ಅಪಾಯವಿಲ್ಲ, ಕಿರಿಕಿರಿ ಅಷ್ಟೇ. ಒತ್ತು ನೇಯ್ಗೆಯ, ಮಂಡಿವರೆಗಿನ ಕಾಲುಚೀಲ ಮುಕ್ಕಾಲು ಪಾಲು ತಡೆಯುತ್ತದೆ. ಓಡುತ್ತಿರುವವರಿಗೆ ಹತ್ತುವುದು ಕಡಿಮೆ, ನಿಂತು ಫೋಟೋ ತೆಗೆಯುವವರಿಗೆ ಹೆಚ್ಚು. ಹೊಗೆಸೊಪ್ಪಿನ ನೀರಲ್ಲಿ ಅದ್ದಿ ಒಣಗಿಸಿದ ಕಾಲುಚೀಲ ತೋಟದ ಕೆಲಸಕ್ಕೆ ಸರಿ. ಮಳೆಯಲ್ಲಿ ನೆನೆದು ಒಂದೆರಡು ತಾಸು ಓಡಿದರೆ ಅದರ ಸಾರ ಚರ್ಮದಿಂದ ಮೈಗಿಳಿದು ತಲೆಸುತ್ತು, ವಾಕರಿಕೆ ಬರಬಹುದು. ಕಚ್ಚಿದ್ದಕ್ಕೆ ಉಪ್ಪು ಸುರಿದರೆ ಅದು ಕುಡಿದದ್ದನ್ನು ಗಾಯಕ್ಕೇ ಕಕ್ಕುತ್ತದೆ. ಸಪೂರ ತುದಿಯ ಅಡಿ ಉಗುರು ತೂರಿಸಿ ಬದಿಗೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಅಂದಮೇಲೆ ಕಾಲ ಯಾವುದು? ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಸುರುವಿನವರೆಗೆ ಬೆಟ್ಟ, ಚಳಿಗಾಲದಲ್ಲಿ ತೆರೆದ ಬೇಣ ಮತ್ತು ಮಣ್ಣುರಸ್ತೆ, ಬೇಸಿಗೆಯಲ್ಲಿ ಬೆಳಗಿನ ಕಡಲದಂಡೆ, ಜೋರು ಮಳೆಯ ಜುಲೈನಲ್ಲಿ ಮನೆಯಂಗಳದಲ್ಲಿ ವ್ಯಾಯಾಮ. ನಾವಾದರೆ ಹೀಗೆ ಹಂಚಿಕೊಳ್ಳುತ್ತೇವೆ.

ಪ್ರಶ್ನೆ: ಟಾಗೋರ್ ಕಡಲತೀರದಲ್ಲಿ ದಿನಾ ಅರ್ಧ ತಾಸು ಬರಿಗಾಲಲ್ಲಿ ಓಡುತ್ತೇನೆ. ಮರಳು ಮೆತ್ತಗೆ, ಮಂಡಿಗೆ ಒಳ್ಳೇದು ಅಂದಿದ್ದರು. ಈಗ ಒಂದು ಮಂಡಿಯ ಹೊರಬದಿ ನೋಯುತ್ತದೆ, ಹಿಮ್ಮಡಿ ಮೇಲಿನ ನರವೂ ಬಿಗಿ.
— ಗೃಹಿಣಿ, ಕಾರವಾರ

ಉತ್ತರ: ಎರಡು ನೋವಿಗೆ ಎರಡು ಕಾರಣ. ದಂಡೆ ಸಮುದ್ರದ ಕಡೆ ವಾಲಿರುತ್ತದೆ. ಒಂದೇ ದಿಕ್ಕಿಗೆ ಓಡಿ, ರಸ್ತೆಯಲ್ಲಿ ಮನೆಗೆ ಮರಳಿದರೆ ಒಂದು ಕಾಲು ಯಾವಾಗಲೂ ತಗ್ಗಿಗೆ ಬೀಳುತ್ತದೆ. ಸೊಂಟ ಓರೆಯಾಗಿ, ತೊಡೆಯ ಹೊರಬದಿಯಿಂದ ಮಂಡಿಗೆ ಇಳಿಯುವ ಪಟ್ಟಿ ಜಗ್ಗುತ್ತದೆ. ಹೋದಷ್ಟೇ ದೂರ ದಂಡೆಯ ಮೇಲೇ ಹಿಂದಿರುಗಿ, ಆದಷ್ಟು ಸಪಾಟಾದ ಜಾಗ ಹುಡುಕಿ. ಸಿಗುವುದು ನೀರು ಇಳಿದಾಗ. ಭರತದಿಂದ ಇಳಿತಕ್ಕೆ ಆರು ತಾಸು ಚಿಲ್ಲರೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಇವತ್ತು ಬೆಳಿಗ್ಗೆ 6ಕ್ಕೆ ಪೂರ್ತಿ ಇಳಿತವಿದ್ದರೆ ನಾಳೆ 6.50ಕ್ಕೆ, ವಾರ ಕಳೆದರೆ ಅದೇ ಆರು ಗಂಟೆಗೆ ಭರತ. ‘ದಿನಾ ಆರಕ್ಕೆ’ ಎಂಬ ಶಿಸ್ತು ರಸ್ತೆಗೆ ಸರಿ, ಸಮುದ್ರಕ್ಕೆ ಆಗಿಬರುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಹೆಚ್ಚು ದೂರ ಇಳಿಯುತ್ತದೆ, ಗಟ್ಟಿ ದಂಡೆ ಅಗಲವಾಗಿ ಸಿಗುತ್ತದೆ.

ಇನ್ನು ಹಿಮ್ಮಡಿ. ಸಡಿಲ ಮರಳಿನಲ್ಲಿ ಓಡಲು ಗಟ್ಟಿ ನೆಲದ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಹಿಮ್ಮಡಿ ಹೂತು ಮೀನಖಂಡದ ನರ ಪ್ರತಿ ಹೆಜ್ಜೆಗೂ ಹೆಚ್ಚು ಹಿಗ್ಗುತ್ತದೆ. ಶೂಗೆ ಒಗ್ಗಿದ ಕಾಲಿಗೆ ದಿನಾ ಬರಿಗಾಲ ಅರ್ಧ ತಾಸು ಅತಿಯಾಯಿತು. ಎರಡು ವಾರ ಬಿಡುವು ಕೊಡಿ. ಆಮೇಲೆ ಒದ್ದೆ ಗಟ್ಟಿ ಮರಳಿನಲ್ಲಿ ಬರಿಗಾಲು ವಾರಕ್ಕೆ ಎರಡೇ ದಿನ, ಹತ್ತು ಹತ್ತು ನಿಮಿಷ, ಉಳಿದದ್ದು ಶೂ ಹಾಕಿ. ಬೆಳಿಗ್ಗೆ ಎದ್ದ ಮೊದಲ ಹೆಜ್ಜೆಗೇ ಹಿಮ್ಮಡಿ ನರ ನೋಯುತ್ತಿದ್ದರೆ ಆ ದಿನ ಓಟವಿಲ್ಲ.

ಪ್ರಶ್ನೆ: ಏರು ಹೇಗೋ ಹತ್ತುತ್ತೇನೆ, ಇಳಿಯುವುದಕ್ಕೆ ಹೆದರಿಕೆ. ಇಳಿದ ಮಾರನೇ ದಿನ ಮೆಟ್ಟಿಲು ಇಳಿಯಲಾಗದಷ್ಟು ತೊಡೆನೋವು, ಹೆಬ್ಬೆರಳ ಉಗುರು ಕಪ್ಪು.
— ಅಂಕೋಲಾದ ಓದುಗ

ಉತ್ತರ: ಉಗುರಿಗೆ ಮದ್ದು ಕುಮಟಾದವರ ಪ್ರಶ್ನೆಯಲ್ಲಿದೆ: ಹೆಬ್ಬೆರಳಗಲದ ಜಾಗ, ಕುಣಿಕೆ ಲೇಸು. ಜೊತೆಗೆ ಹಿಂದಿನ ದಿನ ಉಗುರು ಕತ್ತರಿಸಿ.

ತೊಡೆನೋವು ಹೆದರಿಕೆಯಿಂದಲೇ ಹೆಚ್ಚುವುದು. ಹೆದರಿದವರು ಮೈ ಹಿಂದಕ್ಕೆ ವಾಲಿಸಿ, ಕಾಲು ಮುಂದೆ ಚಾಚಿ, ಹಿಮ್ಮಡಿ ಊರಿ ಬ್ರೇಕು ಹಾಕುತ್ತಾರೆ. ಆಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅದರ ಎಳೆಗಳಿಗೆ ಆಗುವ ಸಣ್ಣ ಪೆಟ್ಟೇ ಮಾರನೇ ದಿನದ ನೋವು, ಎರಡನೇ ದಿನ ತುತ್ತತುದಿ. ಮಂಡಿ ಸಡಿಲ ಬಿಟ್ಟು, ಹೆಜ್ಜೆ ಗಿಡ್ಡ ಮಾಡಿ, ಪಾದ ಸೊಂಟದ ಅಡಿಗೇ ಬೀಳುವಂತೆ, ಕೈ ಬದಿಗೆ ಬಿಚ್ಚಿ ಇಳಿಯಿರಿ. ಕಣ್ಣು ಕಾಲ ಬುಡದಲ್ಲಿ ಬೇಡ, ಮೂರು-ನಾಲ್ಕು ಮೀಟರ್ ಮುಂದಿರಲಿ. ಅಭ್ಯಾಸಕ್ಕೆ ನೂರು ಮೀಟರ್ ಉದ್ದದ ಸೌಮ್ಯ ಇಳಿಜಾರು ಆರಿಸಿ, ವಾರಕ್ಕೊಮ್ಮೆ ನಾಲ್ಕು ಸಲ ಇಳಿದು ನಡೆದು ಹತ್ತಿ. ಒಮ್ಮೆ ನೋವುಂಡ ಸ್ನಾಯು ಮುಂದಿನ ಕೆಲ ವಾರ ಅದೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ.

ಎರಡು ಕಡೆ ಮಾತ್ರ ಹೆದರಿಕೆಯೇ ಸರಿ. ಚಿರೆನೆಲದ ಮೇಲೆ ಹರಡಿದ ಕೆಂಪು ಹರಳು, ಸಿಮೆಂಟ್ ನೆಲದ ಮೇಲೆ ಕಡಲೆ ಚೆಲ್ಲಿದಂತೆ. ಗೋಕರ್ಣದಲ್ಲಿ ಓಂ ಬೀಚಿನಿಂದ ಹಾಫ್ ಮೂನ್ ಕಡೆ ಹೋಗುವ ದಾರಿಯಲ್ಲಿ ಇಂಥ ತುಂಡುಗಳಿವೆ, ಪಕ್ಕದಲ್ಲೇ ಸಮುದ್ರಕ್ಕೆ ಕಡಿದಾದ ಇಳಿಜಾರು. ಅಲ್ಲಿ ನಡೆಯಿರಿ. ಇನ್ನೊಂದು, ಜನವರಿಯಿಂದ ಮಾರ್ಚ್‌ವರೆಗೆ ಕಾಡಿನ ದಾರಿಯ ದರಕು. ಕಾಲ್ಗಂಟಿಗೆ ಬರುವಷ್ಟು ಒಣ ಎಲೆಯಡಿ ಬೇರೋ ಕಲ್ಲೋ ಹೊಂಡವೋ ಹಾವೋ ಗೊತ್ತಾಗುವುದಿಲ್ಲ.

ಪ್ರಶ್ನೆ: ಎಲ್ಲಿ ಓಡಬಹುದು, ಎಲ್ಲಿ ಕೂಡದು? ಕಾಡಿಗೆ ಪರವಾನಗಿ ಬೇಕೇ? ನಾಯಿ, ಕಾಡುಪ್ರಾಣಿಗಳ ಕಾಟಕ್ಕೆ ಏನು ಮಾಡುವುದು?
— ಇಬ್ಬರು ಗೆಳೆಯರು, ಯಲ್ಲಾಪುರ

ಉತ್ತರ: ಊರಿಂದೂರಿಗೆ ಹೋಗುವ ಮಣ್ಣುರಸ್ತೆ, ಶಾಲೆಗೆ ಮಕ್ಕಳು ಹೋಗುವ ಕಾಲುದಾರಿಗಳೇ ಒಳ್ಳೆ ಸುರು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಕ್ಕೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಣಶಿ, ದಾಂಡೇಲಿ ಸೇರಿದ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಓಟದ ಮಾತೇ ಬೇಡ. ಉಳಿದ ಕಾಡಿಗೆ, ಜಲಪಾತದ ದಾರಿಗಳಿಗೆ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿ. ಸೊಪ್ಪಿನ ಬೆಟ್ಟ ಯಾರ ಮನೆಯವರು ನೋಡಿಕೊಳ್ಳುವುದೋ ಅವರಿಗೆ ಒಂದು ಮಾತು ಹೇಳಿ. ಹಿಂದೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ನೆಲವಿದು, ಅವರ ಸೊಪ್ಪು ದರಕೆಲ್ಲ ಅಲ್ಲಿಂದಲೇ. ದಣಪೆ (ಬೇಲಿಯ ಅಡ್ಡಗಳು) ಸರಿಸಿ ಹೋದರೆ ಹಾಕಿಯೇ ಹೋಗಿ. ಹಾಕದೆ ಹೋದ ಒಬ್ಬನಿಂದಾಗಿ ದನ ತೋಟಕ್ಕೆ ನುಗ್ಗಿದರೆ ಆ ದಾರಿ ಎಲ್ಲ ಓಟಗಾರರಿಗೂ ಮುಚ್ಚಿತೆಂದೇ ಲೆಕ್ಕ.

ಕಾಡುಹಂದಿಗೆಂದು ಕಟ್ಟಿದ ಐಬೆಕ್ಸ್ (ಕರೆಂಟಿನ) ಬೇಲಿಯ ತಂತಿ ಮಬ್ಬು ಬೆಳಕಲ್ಲಿ ಕಾಣುವುದಿಲ್ಲ. ತೋಟ, ಗದ್ದೆಯ ಅಂಚಿನಲ್ಲಿ ನಡೆದೇ ಸಾಗಿ, ಹಾರಲು ಹೋಗಬೇಡಿ. ಬೆಳಿಗ್ಗೆ ಏಳರ ಮೊದಲು, ಸಂಜೆ ಐದೂವರೆಯ ನಂತರ ಕಾಡಂಚಿನಲ್ಲಿ ಇರಬೇಡಿ. ಕಾಡುಕೋಣ ಮೇಯಲು ಹೊರಬೀಳುವ ಹೊತ್ತದು. ಕಿವಿಗೆ ಇಯರ್‌ಫೋನ್ ಬೇಡ, ಇಬ್ಬರೂ ಮಾತಾಡುತ್ತ ಓಡಿ. ಕೋಣ ಕಂಡರೆ ನಿಂತು, ಮರದ ಮರೆಗೆ ಸರಿದು, ಬಂದ ದಾರಿಯಲ್ಲೇ ನಿಧಾನ ಹಿಂದಕ್ಕೆ. ನಿಜಕ್ಕೂ ದಿನನಿತ್ಯದ ಕಾಟ ಮನೆನಾಯಿಗಳದ್ದು. ಓಡುವುದನ್ನು ನಿಲ್ಲಿಸಿ, ಬೆನ್ನು ತೋರಿಸದೆ ನಡೆಯಿರಿ, ಮನೆಯವರನ್ನು ಕೂಗಿ ಕರೆಯಿರಿ. ಕಲ್ಲು ಹೆಕ್ಕುವಂತೆ ಬಗ್ಗಿದರೇ ಹೆಚ್ಚಿನವು ಹಿಂದೆ ಸರಿಯುತ್ತವೆ. ಸಿಗ್ನಲ್ ಇಲ್ಲದ ಕಡೆಗಳೇ ಹೆಚ್ಚಾದ್ದರಿಂದ ಯಾವ ದಾರಿ, ಎಷ್ಟು ಗಂಟೆಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೊರಡಿ. ಒಂದು ಸೀಟಿ ಇರಲಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಬೆಟ್ಟಗಳಲ್ಲಿ ಅಪಾಯದ ಕರೆ ಅದು.

ಪ್ರಶ್ನೆ: ಒಂದೂವರೆ ತಾಸಿನ ಓಟಕ್ಕೆ ನೀರು ಎಷ್ಟು, ತಿನ್ನಲು ಏನು? ಪೊಟ್ಟಣದ ಜೆಲ್ ದುಬಾರಿ. ಇನ್ನೊಂದು, ಹೋದ ವಾರ ಕಾಲು ಉಳುಕಿದೆ, ಎಣ್ಣೆ ತಿಕ್ಕಿಸಲೇ?
— ಹೊನ್ನಾವರದ ಓದುಗ

ಉತ್ತರ: ನೀರನ್ನು ಅಂದಾಜಿಸಬೇಡಿ, ಒಮ್ಮೆ ತೂಗಿ ನೋಡಿ. ಒಂದು ತಾಸಿನ ಓಟಕ್ಕೆ ಮೊದಲು 62 ಕೆ.ಜಿ., ಮೈ ಒರೆಸಿಕೊಂಡು ತೂಗಿದಾಗ 61.2, ನಡುವೆ ಕುಡಿದದ್ದು 300 ಮಿ.ಲೀ. ಎಂದಾದರೆ ಬೆವರು 1.1 ಲೀಟರ್. ಅಷ್ಟನ್ನೂ ಓಡುವಾಗಲೇ ತುಂಬಬೇಕಿಲ್ಲ, ತಾಸಿಗೆ ಅರ್ಧ ಲೀಟರಿನ ಆಸುಪಾಸು ಸಾಕು. ಓಡಿ ಬಂದಾಗ ತೂಕ ಹೆಚ್ಚಿದ್ದರೆ ಅತಿಯಾಗಿ ಕುಡಿದಿದ್ದೀರಿ. ರಕ್ತದ ಉಪ್ಪಿನಂಶ ತೆಳುವಾಗುವ ಅಪಾಯ ಅದು. ಕರಾವಳಿಯ ಸೆಕೆಯಲ್ಲಿ ಬೆವರು ಆರದೆ ಸುಮ್ಮನೆ ಇಳಿದುಹೋಗುತ್ತದೆ, ಮೈ ತಂಪಾಗುವುದಿಲ್ಲ. ಎಷ್ಟು ಕುಡಿದರೂ ಅದಕ್ಕೆ ಪರಿಹಾರವಿಲ್ಲ, ವೇಗ ಇಳಿಸಬೇಕು.

ಒಂದು ತಾಸಿನವರೆಗೆ ತಿನ್ನುವ ಅಗತ್ಯವಿಲ್ಲ. ಅದಕ್ಕಿಂತ ಹೆಚ್ಚಾದರೆ ತಾಸಿಗೆ 30 ಗ್ರಾಂ ಸಕ್ಕರೆಯಂಶದಿಂದ ಸುರು ಮಾಡಿ. ಜೋನಿಬೆಲ್ಲ (ಗಟ್ಟಿಯಾಗದ ದ್ರವ ಬೆಲ್ಲ) ಎರಡು ದೊಡ್ಡ ಚಮಚ ತೆಗೆದುಕೊಂಡರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಸ್ವಲ್ಪ ನೀರು, ಚಿಟಿಕೆ ಉಪ್ಪು ಸೇರಿಸಿ ಪುಟ್ಟ ಬಾಟಲಿಗೆ ತುಂಬಿ, 40ನೇ ನಿಮಿಷದಿಂದ ಗುಟುಕು ಗುಟುಕಾಗಿ ಕುಡಿಯಿರಿ. ಅದರ ಬೆನ್ನಿಗೇ ಒಂದೆರಡು ಗುಟುಕು ಬರೀ ನೀರು ಹೋಗಲಿ, ಇಲ್ಲದಿದ್ದರೆ ಹೊಟ್ಟೆ ತೊಳಸುತ್ತದೆ. ನಾಲ್ಕೈದು ಒಣ ಮುರುಗಲು (ಕೋಕಂ) ಸಿಪ್ಪೆಯನ್ನು ರಾತ್ರಿ ನೆನೆಸಿ, ಆ ನೀರನ್ನೇ ಬಳಸಿದರೆ ಬಾಯಿಗೆ ರುಚಿ.

ಉಳುಕಿಗೆ ಎಣ್ಣೆ ತಿಕ್ಕಿಸಬೇಡಿ, ಎಳೆಸಲೂ ಬೇಡಿ. ಕಾಲ್ಗಂಟಿನ ಹೊರಬದಿಯ ಕಟ್ಟು ಹರಿದಿರುತ್ತದೆ, ತಿಕ್ಕಿದರೆ ಬಾವು ಹೆಚ್ಚುತ್ತದೆ. ನಾಲ್ಕು ಹೆಜ್ಜೆ ಭಾರ ಊರಿ ನಡೆಯಲಾಗದಿದ್ದರೆ, ಅಥವಾ ಕಾಲ್ಗಂಟಿನ ಎರಡು ಬದಿಯ ಮೂಳೆಗಳ ಹಿಂಬದಿ ಅಂಚನ್ನು ಒತ್ತಿದಾಗ ನೋವಿದ್ದರೆ ಎಕ್ಸ್‌ರೇ ಮಾಡಿಸಿ. ಅದಿಲ್ಲವಾದರೆ ಅಗಲ ಬ್ಯಾಂಡೇಜು ಸುತ್ತಿ, ಮಲಗುವಾಗ ದಿಂಬಿನ ಮೇಲೆ ಕಾಲಿಟ್ಟು, ನೋಯದಷ್ಟು ಮಾತ್ರ ಪಾದ ಆಡಿಸುತ್ತಿರಿ. ನಡಿಗೆ ಸರಿಯಾದ ಮೇಲೆ ಒಂಟಿಕಾಲಲ್ಲಿ 30 ಸೆಕೆಂಡು ನಿಲ್ಲುವುದು, ಮೆಟ್ಟಿಲ ತುದಿಯಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು 15ರಂತೆ ಮೂರು ಸಲ. ಆ ಕಾಲೊಂದರಲ್ಲೇ ಹತ್ತು ಸಲ ಕುಪ್ಪಳಿಸಿ, ಕಣ್ಣುಮುಚ್ಚಿ ಇನ್ನೊಂದು ಕಾಲಿನಷ್ಟೇ ಹೊತ್ತು ನಿಲ್ಲಲು ಬಂದ ದಿನ ರಸ್ತೆಗೆ ಇಳಿಯಿರಿ. ಬೆಟ್ಟಕ್ಕೆ ಅದಾಗಿ ಎರಡು ವಾರದ ಮೇಲೆ.